ಒಬ್ಬ ಗಿರಾಕಿಯ ನಾಲಿಗೆ

ಹೇಳಿಬಿಡಲೇ? ಹೇಳಿದರೆ ಅವಳ ಮುಖದಲ್ಲಿ ಏನು ಮೂಡೀತು, ನಗೆಯೋ ಕನಿಕರವೋ? ಕನಿಕರವಾದರೆ ಬೇಡ. ಔಷಧಿ ಅಂಗಡಿಯವನು ಚೀಟಿಯನ್ನು ಎರಡನೇ ಸಲ ಓದಿದ. ಕಾಗದಕ್ಕೆ ಅಂಟಿದ ತನ್ನ ಬೆವರು ಕಂಡು ತನಗೇ ಹೇಸಿಗೆಯಾಯಿತು.

ಕೌಂಟರಿನಾಚೆ ನಿಂತವಳು ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವವಳು. ಮೂರು ತಿಂಗಳಿಂದ ಖಿನ್ನತೆಯ ಮಾತ್ರೆಗೆ ಬರುತ್ತಿದ್ದಳು. ಬಂದಾಗೆಲ್ಲ ಅವನ ಕೋಟಿನ ತಪ್ಪು ತೂತಿಗೆ ಹಾಕಿದ ಗುಂಡಿಯನ್ನು ಕಣ್ಣಲ್ಲೇ ತೋರಿಸಿ ನಗುತ್ತಿದ್ದಳು. ಇವತ್ತು ನಗಲಿಲ್ಲ. ಹಳೆಯ ಮಾತ್ರೆ ಬಾಯಿ ಒಣಗಿಸಿ, ಬೆಣ್ಣೆಯೂ ಸೋಪಿನಂತಾಗಿ, ದಿನವಿಡೀ ಉಗಿದು ಉಗಿದು ಬಂದಿದ್ದಳು. ಡಾಕ್ಟರ್ ಬೇರೆ ಬಗೆಯದನ್ನು ಬರೆದಿದ್ದರು. ಇದೂ ಹಾಗೇ ಆದರೆ ಮಾತ್ರೆಯ ಸಹವಾಸವೇ ಬೇಡ ಎಂದಳು.

ಅವನು ವಿವರಿಸಿದ. ಹಳೆಯ ಬಗೆ ಮಿದುಳಿನ ಹಲವು ಬಾಗಿಲು ಒಟ್ಟಿಗೆ ತಟ್ಟುತ್ತದೆ. ಅದಕ್ಕೇ ಒಣಬಾಯಿ, ಮಲಬದ್ಧತೆ, ಮಂಪರು. ಹೊಸದು ಹೆಚ್ಚಾಗಿ ಸೆರೊಟೋನಿನ್ ಎಂಬ ಒಂದೇ ಮಿದುಳಿನ ರಾಸಾಯನಿಕವನ್ನು ಹಿಡಿಯುತ್ತದೆ. ಮೊದಮೊದಲು ಹೊಟ್ಟೆ ತೊಳಸುತ್ತದೆ. ನಿದ್ದೆ, ಹಸಿವು ಹೆಚ್ಚಿಸುವ ಇನ್ನೊಂದು ಬಗೆಯೂ ಇದೆ. ಯಾವುದೇ ಆಗಲಿ, ಗುಣ ಕಾಣಲು ವಾರಗಳು ಬೇಕು. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ತನ್ನ ದನಿ ಪೊಟ್ಟಣದೊಳಗಿನ ಸೂಚನೆಯ ಕಾಗದದಂತೆ ಕೇಳಿ ಅವನಿಗೇ ಅಸಹ್ಯವಾಯಿತು. ಆ ಅಸಹ್ಯದಲ್ಲೇ ಬಾಯಿ ತಪ್ಪಿ ಮಾತು ಹೊರಬಿತ್ತು.

"ಮೊದಲ ಹತ್ತು ದಿನ ಬೀಗದ ಕೈ ಚೀಪಿದ ಹಾಗಿರುತ್ತೆ. ಹಲ್ಲಿನ ಹಿಂದೆ, ಎಡಗಡೆ. ಹನ್ನೊಂದನೇ ದಿನ ಬರೀ ನೀರೂ ಸಿಹಿ ಅನ್ಸುತ್ತೆ."

ಅವಳು ತಲೆಯೆತ್ತಿದಳು. ರುಚಿಯ ಮಾತು ಕಾಗದದ್ದೋ ನಾಲಿಗೆಯದ್ದೋ ಎಂದು ಪತ್ತೆಮಾಡುವುದೇ ಅವಳ ಕಸುಬು.

"ಎಡಗಡೆ ಅಂತ ಯಾವ ಪುಸ್ತಕದಲ್ಲಿದೆ, ಮಾತ್ರೆ ಸಾಹೇಬ್ರೇ?"

"ಒಬ್ಬ ಗಿರಾಕಿ ಹೇಳಿದ್ರು."

ಅವನು ತಪ್ಪು ಗುಂಡಿ ಬಿಚ್ಚಿ, ಮತ್ತೆ ತಪ್ಪಾಗಿಯೇ ಹಾಕಿಕೊಂಡ.

"ಈಗ ಹೇಗಿದಾರೆ ಅವರು?"

"ಇದಾರೆ. ಊಟ ಸೇರುತ್ತೆ."

"ಹಾಗಾದ್ರೆ ನುಂಗ್ತೀನಿ." ಪೊಟ್ಟಣವನ್ನು ಚೀಲಕ್ಕೆ ಹಾಕಿದಳು. "ಆ ಗಿರಾಕಿ ಸಿಕ್ಕಿದ್ರೆ ಹೇಳಿ, ಹನ್ನೆರಡನೇ ದಿನ ಎದುರಿನ ಕೆಫೆಯಲ್ಲಿ ನಂಗೊಬ್ರು ಜೊತೆ ಬೇಕು ಅಂತ."

ಹನ್ನೆರಡನೇ ದಿನ ಅವಳು ಕೆಫೆಯ ಕಿಟಕಿಯ ಪಕ್ಕ ಕೂತು ಎರಡು ಕಾಫಿ ತರಿಸಿದಳು. ಒಂದನ್ನು ಗುಟುಕರಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಉಗುಳದೆ ಉಳಿದಳು. ಇನ್ನೊಂದು ಕೆನೆಗಟ್ಟಿ ಆರಿತು. ಅವನು ರಸ್ತೆಯಾಚೆ ತನ್ನ ಅಂಗಡಿಯ ಕೌಂಟರಿನ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ.

ಆ ಗಿರಾಕಿ ತಾನೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.