ಆರ್ಟ್ ಫೇರಿನವನ ಶರ್ಟು

"ನನ್ನ ಇಸ್ತ್ರಿ ಟೇಬಲ್ಲು ಎಲ್ಲಿ?"

ನಮ್ಮ ಟೈಲರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಅಂಗಡಿ ಗುಡಿಸೋಣ ಅಂತ ಟೇಬಲ್ಲನ್ನು ಹೊರಗಿಟ್ಟಿದ್ದಳು, ಪೊರಕೆ ತರುವಷ್ಟರಲ್ಲಿ ಮಾಯ. ಪಕ್ಕದ ಬಾಗಿಲಲ್ಲಿ ಇಣುಕಿದರೆ, ಬಿಳಿ ಗ್ಲೌಸ್ ತೊಟ್ಟ ಉದ್ದನೆಯವನೊಬ್ಬ ಅದನ್ನು ದೀಪದ ಕೆಳಗಿಟ್ಟು, ಹಿಂದೆ ಸರಿದು ನೋಡುತ್ತಿದ್ದ.

"ಅಯ್ಯೋ, ನಿಮ್ಮದಾ? ಲಾರಿಯಿಂದ ಇಳಿಸಿದ ಕಲಾಕೃತಿ ಅಂದ್ಕೊಂಡೆ. ಈ ಸುಟ್ಟ ಗುರುತುಗಳು ಎಷ್ಟು ಚೆನ್ನಾಗಿವೆ!"

"ಅದು ನಮ್ಮ ಚಿಕ್ಕಮ್ಮ ಫೋನಲ್ಲಿ ಮಾತಾಡ್ತಾ ಸುಟ್ಟಿದ್ದು."

"ಹಾಗಾದ್ರೆ ಅವರು ದೊಡ್ಡ ಕಲಾವಿದೆ."

ನಗಬಾರದು ಅಂದುಕೊಂಡಳು. ನಕ್ಕೇಬಿಟ್ಟಳು.

ಆರ್ಟ್ ಫೇರ್ ಬಂತೆಂದರೆ ಊರಿನ ಕಥೆಯೇ ಹಾಗೆ. ಪಕ್ಕದ ಕಟಿಂಗ್ ಶಾಪು ಗ್ಯಾಲರಿಯಾಗುತ್ತಿತ್ತು, ಕಟಿಂಗಿನವನು ಕುರ್ಚಿ ಹೊತ್ತು ಮೆಟ್ಟಿಲ ಕೆಳಗೆ ಹೋಗುತ್ತಿದ್ದ. ಮೂಲೆಯಂಗಡಿಯ ಅದೇ ಚಹಾ ಗಾಜಿನ ಲೋಟ ಸೇರಿ ಹೊಸ ಹೆಸರು ಇಟ್ಟುಕೊಳ್ಳುತ್ತಿತ್ತು. ಕಪ್ಪು ಬಟ್ಟೆಯ ಜನ ಕಸದ ಡಬ್ಬಿಯ ಮುಂದೆಯೂ, ಯಾವುದಕ್ಕೂ ಇರಲಿ ಅಂತ, ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಯಾರಿಗೂ ಮುಖ ಕೊಡದ ಬಿಲ್ಡಿಂಗ್ ಓನರ್ ಎಲ್ಲರಿಗೂ ಹಲ್ಲು ಕಿರಿಯುತ್ತಿದ್ದರು.

ಉದ್ದನೆಯವನು ಫೇರಿನ ಜೊತೆ ಬಂದವನು. ಚಿತ್ರ ಇಳಿಸುವುದು, ತೂಗುಹಾಕುವುದು, ಮುಗಿದ ಮೇಲೆ ಪ್ಯಾಕ್ ಮಾಡಿ ಲಾರಿ ಹತ್ತಿ ಮುಂದಿನ ಊರಿಗೆ ಹೋಗುವುದು. ಮಾರನೇ ದಿನ ನೀಲಿ ಬಟ್ಟೆ ತಂದು, ಒಂದು ಶರ್ಟು ಹೊಲಿದುಕೊಡಿ ಅಂದ. ಅಳತೆ ತೆಗೆಯುವಾಗ ಅವನು ಉಸಿರು ಬಿಗಿಹಿಡಿದು ನಿಂತ. ಇವಳು ಟೇಪಿನ ಮೇಲಿಂದ ಒಮ್ಮೆ ಕಣ್ಣೆತ್ತಿ ನೋಡಿದಳು, ಅಳತೆ ಮರೆತುಹೋಯಿತು. ಮತ್ತೆ ತೆಗೆದಳು.

"ಶರ್ಟು ಆಯ್ತಾ?" ಅಂತ ಅವನು ದಿನಾ ಬರುತ್ತಿದ್ದ.

"ಕಾಲರ್ ಬಾಕಿ. ನಾಳೆ ಬನ್ನಿ."

ಆ ನಾಳೆಗೆ ಕಾಜ ಬಾಕಿ, ಅದರ ನಾಳೆಗೆ ಗುಂಡಿ ಸಿಗಲಿಲ್ಲ. ಹೇಳಿದ ಹೊತ್ತಿಗೆ ಬಟ್ಟೆ ಕೊಡುವ ಟೈಲರ್ ಅಂತ ಬೀದಿಗೇ ಹೆಸರಾದವಳು ಇವಳು. ಚಿಕ್ಕಮ್ಮ ಪರದೆಯ ಹಿಂದಿನಿಂದ, "ಕಳ್ಳನಿಗೊಂದು ಪಿಳ್ಳೆನೆವ ಅಂತಾರೆ. ಇಲ್ಲಿ ಕಳ್ಳರು ಇಬ್ಬರು," ಅಂದರು.

ಫೇರ್ ಮುಗಿಯಿತು. ಗ್ಯಾಲರಿಯ ಹಲಗೆ ಗೋಡೆಗಳು ಬಿದ್ದವು, ಕಟಿಂಗಿನವನ ಕುರ್ಚಿ ಒಳಗೆ ಬಂತು. ಬಾಗಿಲ ಮುಂದೆ ಲಾರಿ ನಿಂತಿತ್ತು. ಅವನು ಒಳಗೆ ಬಂದ.

ಅವಳು ಶರ್ಟನ್ನು ಕೈಗಿಟ್ಟಳು. "ಯಾವತ್ತೋ ಮುಗಿದಿತ್ತು. ಕೊಟ್ಟರೆ ಮತ್ತೆ ಬರಲ್ಲ ಅಂತ ಇಟ್ಕೊಂಡಿದ್ದೆ. ನೀವು ಹೋದ್ರೆ ನಂಗೆ ತುಂಬಾ ಕಷ್ಟ ಆಗುತ್ತೆ. ಹೇಳದೆ ಇದ್ರೆ ಇನ್ನೂ ಕಷ್ಟ, ಅದಕ್ಕೇ ಹೇಳ್ತಿದ್ದೀನಿ."

"ಗೊತ್ತಿತ್ತು. ಹ್ಯಾಂಗರಲ್ಲಿ ತೂಗ್ತಿತ್ತಲ್ಲ, ಬಾಗಿಲಿಂದಲೇ ಕಾಣ್ತಿತ್ತು."

ಅವಳ ಮುಖ ಕೆಂಪಾಯಿತು. "ಮತ್ಯಾಕೆ ದಿನಾ ಬರ್ತಿದ್ರಿ?"

"ನೀವು ನಾಳೆ ಬನ್ನಿ ಅಂತಿದ್ರಲ್ಲ, ಅದನ್ನ ಕೇಳೋಕೆ." ಅವನು ತಲೆ ತಗ್ಗಿಸಿದ. "ಆ ಕಡೆ ಬೀದಿಯ ಗ್ಯಾಲರಿ ಫೇರ್ ಮುಗಿದ್ರೂ ಇಲ್ಲೇ ಉಳಿಯುತ್ತಂತೆ. ಕೆಲಸಕ್ಕೆ ಕರೆದಿದ್ದಾರೆ. ನಿಮ್ಮನ್ನ ಕೇಳದೆ ಹೂಂ ಅನ್ನೋಕೆ ಧೈರ್ಯ ಬರಲಿಲ್ಲ."

"ಹೂಂ ಅನ್ನಿ," ಅಂದಳು.

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅವನು ಬಾಗಿಲಿಗೆ ಹೋಗಿ ಡ್ರೈವರಿಗೆ ಕೂಗಿ ಹೇಳಿದ: "ಅಣ್ಣಾ, ನನ್ನ ಬ್ಯಾಗ್ ಕೆಳಗಿಳಿಸಿ, ನೀವು ಹೊರಡಿ."