ಹಗ್ಗ ಹಿಡಿದವರು

ಟಿಣ್…

ಸರಿರಾತ್ರಿ. ಸಿಮೆಂಟಿನ ನೆಲಕ್ಕೆ ಸ್ಪ್ಯಾನರ್ ತಾಗಿದ ಸದ್ದು. ಅಣ್ಣ ರೂಫಸ್ ಸತ್ತ ಮೇಲೆ ಆ ಗ್ಯಾರೇಜಿಗೆ ಯಾರೂ ಕಾಲಿಟ್ಟಿರಲಿಲ್ಲ. ಲೋರ್ನಾ ಕೋಟು ಹೊದ್ದು ಹಿತ್ತಲು ದಾಟಿದಳು.

ಅಣ್ಣನ ಹಳೆಯ ಸ್ಪೋರ್ಟ್ಸ್ ಕಾರಿನ ಕೆಳಗಿನಿಂದ ಎರಡು ಕಾಲುಗಳು ಹೊರಚಾಚಿದ್ದವು. ಆ ಬೂಟುಗಳು ಅವಳಿಗೆ ಗೊತ್ತು.

ಡೆನ್ಜಿಲ್. ಅವಳು ಮದುವೆಯಾಗಬೇಕಿದ್ದವನು. ಗೇರ್‌ಬಾಕ್ಸ್ ಇಳಿಸುವಾಗ ಮೇಲೆ ಹಗ್ಗ ಹಿಡಿದವನು ನಾನೇ, ಕೈ ಜಾರಿತು ಎಂದು ಪೊಲೀಸರೆದುರು ಒಪ್ಪಿಕೊಂಡವನು. ಅದು ಬಿದ್ದದ್ದು ಕೆಳಗಿದ್ದ ರೂಫಸ್‌ನ ಎದೆಯ ಮೇಲೆ. ಕವೆಂಟ್ರಿಯ ಯಾವ ವರ್ಕ್‌ಶಾಪೂ ಆಮೇಲೆ ಅವನಿಗೆ ಕೆಲಸ ಕೊಡಲಿಲ್ಲ. ಅವಳು ಉಂಗುರ ಹಿಂದಿರುಗಿಸಿದಳು.

"ಕಳ್ಳನ ಹಾಗೆ ಬಂದಿದೀಯಲ್ಲ, ನಾಚಿಕೆ ಆಗಲ್ವಾ?"

"ಕಳ್ಳರು ಬಿಚ್ಕೊಂಡು ಹೋಗ್ತಾರೆ. ನಾನು ಗೇರ್‌ಬಾಕ್ಸ್ ಕೂರಿಸೋಕೆ ಬಂದೆ. ನಾಳೆ ರೂಫಸ್ ಹುಟ್ಟಿದ ದಿನ, ಕಾರು ಓಡಬೇಕು ಅಂತ ನಿಮ್ಮಪ್ಪ ಕರೆದ್ರು."

ಅಪ್ಪನೇ? ಮಗನನ್ನು ಕೊಂದವನನ್ನು?

"ಒಬ್ನೇ ಎತ್ತೋಕಾಗತ್ತಾ?"

"ಇಲ್ಲ. ಆದ್ರೆ ನನ್ನ ಜೊತೆ ಯಾರು ಬರ್ತಾರೆ, ಹೇಳು?"

ಸೀಟು ಬಿಚ್ಚಿದ್ದ ಕಾರಿನೊಳಗೆ ಅವಳು ಮೊಣಕಾಲೂರಿದಳು. ಬಾಗಿಲಿಂದ ಬಾಗಿಲಿಗೆ ತೊಲೆ, ಅದಕ್ಕೆ ರಾಟೆ, ಕಾರಿನ ತಳದ ತೆರಪಿನಿಂದ ಕೆಳಗಿನ ಗೇರ್‌ಬಾಕ್ಸಿಗಿಳಿದ ಹಗ್ಗ.

"ನಾನು ಹಿಡೀತೀನಿ. ನೀನು ಅವನು ಮಲಗಿದ್ದ ಜಾಗದಲ್ಲೇ ಮಲಗು."

ಹೆದರಲಿ… ಒಂದು ಗಳಿಗೆಯಾದರೂ ಹೆದರಲಿ.

ಅವನು ಮಲಗಿದ. "'ಭಾರ ನನ್ನದು' ಅಂತ ಕೆಳಗಿನಿಂದ ಕೂಗೋವರೆಗೂ ಹಗ್ಗ ಸಡಿಲಿಸಬಾರದು, ಗೊತ್ತಲ್ಲ?"

"ಹುಟ್ಟಿದಾಗಿಂದ ಗೊತ್ತು."

ಗೇರ್‌ಬಾಕ್ಸ್ ನಿಧಾನವಾಗಿ ಮೇಲೆದ್ದಿತು. ಮೊಣಕಾಲಿಗೆ ಏನೋ ಒತ್ತಿತು. ಒಂದು ಕೈಯಲ್ಲಿ ತಡಕಿ ನೋಡಿದಳು.

ಅಪ್ಪನ ಕಿವಿಯ ಯಂತ್ರ.

ಬಚ್ಚಲಲ್ಲಿ ಕಳೆಯಿತು ಎಂದಿದ್ದರು. ರೂಫಸ್ ಸತ್ತ ರಾತ್ರಿ ಮಲಗಿದ್ದೆ ಎಂದೂ ಹೇಳಿದ್ದರು. ಹಾಗಾದರೆ ಇಲ್ಲಿ ಬಗ್ಗಿದವರು… ಕಿವಿಯಿಂದ ಅದು ಜಾರಿದ ಮೇಲೆ, ಇನ್ನೂ ಬಿಡಬೇಡಿ ಎಂದು ರೂಫಸ್ ಎಷ್ಟು ಕೂಗಿದರೇನು?

ಹಗ್ಗ ಗೇಣುದ್ದ ಸರಿಯಿತು.

"ಲೋರ್ನಾ, ಭಾರ ಇನ್ನೂ ನನ್ನದಾಗಿಲ್ಲ."

ಅವಳು ಎರಡೂ ಕೈಯಲ್ಲಿ ಬಿಗಿಹಿಡಿದಳು. "ಹಿಡಿದಿದ್ದು ಅಪ್ಪ. ಅಲ್ವಾ?"

ಕೆಳಗೆ ಅವನು ಗೇರ್‌ಬಾಕ್ಸಿಗೆ ಎರಡೂ ಕೈ ಕೊಟ್ಟ.

"ನಾನು ಓಡಿಬಂದಾಗ್ಲೂ ಖಾಲಿ ಹಗ್ಗ ಹಿಡ್ಕೊಂಡೇ ಇದ್ರು. ಬೆರಳು ಬಿಡಿಸೋಕೇ ಆಗ್ಲಿಲ್ಲ."

"ಅದಕ್ಕೆ ನನ್ನನ್ನ ಬಿಟ್ಟುಕೊಟ್ಯಾ?"

"ಮಗ ಹೋಗಿದ್ದ. ನೀನೂ ಅವರ ಮುಖ ನೋಡದ ಹಾಗಾದ್ರೆ ಬದುಕ್ತಿದ್ರಾ?… ಸ್ವಲ್ಪ ಎಡಕ್ಕೆ. ಹಾಂ."

ಗೇರ್‌ಬಾಕ್ಸಿನ ದಂಡ ಕ್ಲಚ್ಚಿನೊಳಗೆ ಜಾರಿ ಕೂತಿತು. ಬೋಲ್ಟುಗಳು ಒಂದೊಂದಾಗಿ ಬಿಗಿಯಾದವು.

"ಭಾರ ನನ್ನದು."

ಅವಳು ಹಗ್ಗ ಬಿಡಲಿಲ್ಲ. "ಊರಿಗೆ ನೀನು ಕೊಲೆಗಾರನಾಗೇ ಉಳೀತೀಯ."

"ನಿಂಗೆ ಗೊತ್ತಾಯ್ತಲ್ಲ. ಸಾಕು."

"ಸಾಕಂತೆ! ಉಂಗುರ ಎಲ್ಲಿಟ್ಟಿದೀಯ?"

"ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇದೆ."

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಕಣ್ಣು ಅವಳ ಕೈಯ ಹಗ್ಗದ ಮೇಲಿತ್ತು.

"ಕೂತ್ಕೊಂತಾ?"

ಅವರ ಕಿವಿಗೆ ಬೀಳುವಂತೆ ಅವಳು ಗಟ್ಟಿಯಾಗಿ ಹೇಳಿದಳು, "ಕೂತ್ಕೊಂತು ಅಪ್ಪ. ಚಳಿ, ಒಳಗೆ ನಡೀರಿ. ಚಹಾ ಇಡ್ತೀನಿ, ಮೂವರಿಗೂ."

ಕಿವಿಯ ಯಂತ್ರ ಕೋಟಿನ ಜೇಬಿಗಿಳಿಯಿತು. ಇದನ್ನು ಅವಳು ಯಾರಿಗೂ ಹೇಳುವುದಿಲ್ಲ. ತನಗೆ ತಿಳಿಯಿತೆಂದು ಅಪ್ಪನಿಗೂ.