ದಿನಾ ನೀರು ಕೇಳುವ ಹೂ

ಗಂಡನ ಮೇಲೆ ನನಗೆ ಮೊದಲ ಸಲ ನಿಜವಾದ ಸಿಟ್ಟು ಬಂದದ್ದು ವಾಮಂಜೂರಿನ ನರ್ಸರಿಯಲ್ಲಿ, ಅದೂ ಹೂವಿನ ಗಿಡದ ವಿಷಯಕ್ಕೆ.

"ಇದೇ ಇರಲಿ," ಎಂದರು ಜಾಬಿರ್. ಅವರ ಬೆರಳು ಇಂಪೇಶನ್ಸ್ ಹೂಗಿಡಗಳ ಟ್ರೇಯ ಮೇಲಿತ್ತು. ಗುಲಾಬಿ, ಕೇಸರಿ, ಬಿಳಿ, ನೇರಳೆ. ಎಲೆಯೇ ಕಾಣದಷ್ಟು ಹೂ.

"ಬೆಗೋನಿಯಾ ಹಾಕುವ," ಎಂದೆ ನಾನು.

"ಅದರಲ್ಲಿ ಇಷ್ಟು ಬಣ್ಣ ಎಲ್ಲುಂಟು?"

"ಬಣ್ಣ ಕಡಿಮೆ. ಆದ್ರೆ ಬದುಕ್ತದೆ."

ನರ್ಸರಿಯ ಯಜಮಾನಿ ಅಪೊಲೋನಿಯಾ ಆಂಟಿ ಪೈಪು ಕೆಳಗಿಟ್ಟು ನಮ್ಮ ಹತ್ತಿರ ಬಂದರು. "ಅವಳು ಹೇಳುವುದು ಸರಿ. ಬೆಗೋನಿಯಾಕ್ಕೆ ಎರಡು ದಿನ ನೀರು ತಪ್ಪಿದ್ರೂ ಎಂತ ಆಗುವುದಿಲ್ಲ. ಹೆಚ್ಚು ಹಾಕಿದ್ರೇ ಕೊಳೆಯುವುದು. ಇಂಪೇಶನ್ಸ್ ಹಾಗಲ್ಲ. ಬೆಳಿಗ್ಗೆ ಸಂಜೆ ನೀರು ಬೇಕು. ಒಂದು ದಿನ ಮರೆತ್ರೆ ಬಾಡಿದ ಸೊಪ್ಪಿನ ಹಾಗೆ ಮಲಗ್ತದೆ."

"ಕೇಳಿತಾ?" ಎಂದೆ.

"ಕೇಳಿತು. ಇದೇ ಇರಲಿ."

ಸಿಟ್ಟು ಬಾರದೆ ಇರುತ್ತದೆಯೇ? ಉರ್ವದ ನಮ್ಮ ಮನೆಯ ಗೇಟಿನ ಎರಡೂ ಬದಿಗೆ ಹೊಸದಾಗಿ ಹೂವಿನ ಪಾತಿ ಮಾಡಿಸಿದ್ದೆವು. ನಾನು ಬೆಳಿಗ್ಗೆ ಶಾಲೆಗೆ ಪಾಠ ಮಾಡಲು ಹೋದರೆ ಬರುವುದು ಸಂಜೆ. ನನ್ನ ತಾಯಿ, ಉಮ್ಮನಿಗೆ, ಮೊಣಕಾಲು ನೋವು. ತಂದೆ, ಉಪ್ಪನಿಗೆ, ಮಾರ್ಕೆಟಿನ ಅಂಗಡಿ. ರಜೆ ಮುಗಿದು ಇನ್ನೇನು ದುಬೈಗೆ ಹೊರಡಲಿರುವ ಈ ಮನುಷ್ಯ, ದಿನಾ ನೀರು ಕೇಳುವ ಗಿಡವನ್ನು ನನ್ನ ಕುತ್ತಿಗೆಗೆ ಕಟ್ಟಿ ಹೋಗುವುದೆಂದರೆ!

ಸಿಟ್ಟು ಬರೀ ಗಿಡದ್ದಲ್ಲ, ಅದು ನನಗೂ ಗೊತ್ತಿತ್ತು. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ. ಪ್ರೀತಿ ಆಮೇಲೆ ಬಂತು, ಹೇಳದೆ ಕೇಳದೆ. ನಾನು ಉತ್ತರ ಪತ್ರಿಕೆ ತಿದ್ದುವಾಗ ಎದುರಿಗೆ ಕೂತು, ಮಕ್ಕಳ ತಪ್ಪು ಉತ್ತರ ಓದಿ ಹೊಟ್ಟೆ ಹಿಡಿದು ನಗುವ ಗಂಡ. ಅವರು ಹೋದ ಮೇಲೆ ಆ ಕುರ್ಚಿಯನ್ನು ಹೇಗೆ ನೋಡುವುದು ಎಂದು ನನಗೆ ದಿಗಿಲಾಗುತ್ತಿತ್ತು. ಕೆಲವು ದಿನಗಳಿಂದ ಅವರು ಕಾಂಪೌಂಡಿನ ಮೂಲೆಗೆ ಹೋಗಿ ಫೋನಿನಲ್ಲಿ ಪಿಸುಗುಡುತ್ತಿದ್ದರು. ಟಿಕೆಟಿನ ಮಾತಿರಬೇಕು, ನನ್ನ ಮುಂದೆ ಆಡಲು ಸಂಕೋಚ ಎಂದುಕೊಂಡಿದ್ದೆ.

ಹೋಗಬೇಡಿ ಎನ್ನಬಹುದಿತ್ತು. ಆದರೆ ಗಲ್ಫಿಗೆ ಹೊರಟವರಿಗೆ ಆ ಮಾತು ಆಡಬಾರದು, ಒಳ್ಳೆಯದಾಗುವುದಿಲ್ಲ ಎಂದು ಉಮ್ಮ ಹೇಳಿಕೊಟ್ಟಿದ್ದರು. ಉಪ್ಪ ಸೌದಿಯ ದಮ್ಮಾಮಿನಲ್ಲಿ ಕಳೆದ ಅಷ್ಟೂ ವರ್ಷ ಉಮ್ಮ ಹಲ್ಲು ಕಚ್ಚಿ ಬದುಕಿದವರು.

ಸ್ಕೂಟರ್ ನನ್ನದು, ಓಡಿಸುವವಳೂ ನಾನೇ. ಹಿಂದೆ ಟ್ರೇ ತೊಡೆಯ ಮೇಲಿಟ್ಟುಕೊಂಡು ಜಾಬಿರ್. ನಂತೂರಿನಲ್ಲಿ ವಾಹನಗಳ ಬ್ಲಾಕ್. ಕನ್ನಡಿಯಲ್ಲಿ ಅವರ ಕಣ್ಣು ಸಿಕ್ಕಿತು. ಗದ್ದಕ್ಕೆ ಒಂದು ಕೇಸರಿ ಹೂ ತಾಗುತ್ತಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಇವತ್ತು ಕನ್ನಡಿಯನ್ನೇ ಆಚೆ ತಿರುಗಿಸಿದೆ.

"ರಸ್ತೆ ನೋಡ್ಲಿಕ್ಕಾದ್ರೂ ಕನ್ನಡಿ ಬೇಕಲ್ಲ ಮಾರಾಯ್ತಿ?"

"ಫ್ಲೈಟ್ ಯಾವತ್ತು?"

ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು.

"ಮನೆಗೆ ಹೋಗಿ ಹೇಳ್ತೇನೆ," ಎಂದರು ಕೊನೆಗೆ. ಕನ್ನಡಿಯನ್ನು ಸರಿಮಾಡದೆಯೇ ಉರ್ವದವರೆಗೆ ಓಡಿಸಿದೆ.

ಅವತ್ತು ಭಾನುವಾರ, ಅಂಗಡಿಗೆ ರಜೆ; ಉಪ್ಪ ಮನೆಯೆದುರಿನ ಸಿಟೌಟಿನ ಜಗಲಿಯಲ್ಲಿ ಕುಳಿತಿದ್ದರು. ಜಾಬಿರ್ ಅಂಗಿಯ ತೋಳು ಮಡಚಿ ಗೇಟಿನ ಬಳಿ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಕೆದಕಲು ಶುರು ಮಾಡಿದಾಗ ಉಪ್ಪ ಎದ್ದೇಬಿಟ್ಟರು. ನಮ್ಮಲ್ಲಿ ಮದುವೆಯಾದ ಹುಡುಗ ಹೆಂಡತಿಯ ಮನೆಯಲ್ಲೇ ಉಳಿಯುವುದುಂಟು. ಉಳಿದರೂ ನೆಂಟನೇ; ಕೆಲಸಕ್ಕೆ ಕೈ ಹಾಕಲು ಯಾರೂ ಬಿಡುವುದಿಲ್ಲ.

"ಛೆ, ನೀವು ಎಂತಕ್ಕೆ ಮಣ್ಣು ಮುಟ್ಟುವುದು? ಯಾರನ್ನಾದ್ರೂ ಕರೆಸುವ," ಎಂದರು ಉಪ್ಪ. ಗಿಡ ನೋಡಿ ಹುಬ್ಬು ಗಂಟಿಕ್ಕಿದರು. "ಇದಕ್ಕೆ ದಿನಾ ನೀರು ಬೇಕಲ್ಲ? ನೀವು ಹೋದ ಮೇಲೆ ಯಾರು ಹಾಕುವುದು?"

"ನಾನೇ ಹಾಕ್ತೇನೆ ಮಾವ." ಜಾಬಿರ್ ತಲೆ ಎತ್ತಲಿಲ್ಲ. "ನಾನು ಹೋಗುವುದಿಲ್ಲ."

ನನ್ನ ಕೈಯಲ್ಲಿದ್ದ ಸ್ಕೂಟರ್ ಕೀ ಕೆಳಗೆ ಬಿತ್ತು.

"ಬೈಕಂಪಾಡಿಯ ಒಂದು ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಕೆಲಸ ಆಗಿದೆ. ಫೋನಿನಲ್ಲಿ ಮಾತಾಡ್ತಾ ಇದ್ದದ್ದು ಅದೇ. ಸಂಬಳ ಅಲ್ಲಿಯ ಅರ್ಧವೂ ಇಲ್ಲ."

"ನಾನು ಮಗಳನ್ನು ಕೊಟ್ಟದ್ದು ದುಬೈಯ ಹುಡುಗನಿಗೆ," ಎಂದರು ಉಪ್ಪ. ಸಣ್ಣ ದನಿಯಲ್ಲೇ ಹೇಳಿದರು, ಅದಕ್ಕೇ ನನಗೆ ಹೆದರಿಕೆಯಾಯಿತು.

"ಅದೇ ಮಾವ. ಅವಳೂ ಹಾಗೇ ಎಣಿಸಿದ್ರೆ ಅಂತ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ." ಈಗ ಜಾಬಿರ್ ನನ್ನನ್ನು ನೋಡಿದರು. ಪರೀಕ್ಷೆಯ ದಿನ ನನ್ನ ಶಾಲೆಯ ಮಕ್ಕಳು ನೋಡುವ ಹಾಗೆ. "ವೀಸಾ ಇನ್ನೂ ಉಂಟು ಝಹ್ರಾ. ನೀನು ಹೋಗಿ ಅಂದ್ರೆ ಹೋಗ್ತೇನೆ."

"ನೀನೇ ಹೇಳು," ಎಂದರು ಉಪ್ಪ.

ನಾಲಿಗೆ ಉದ್ದ ಎಂದು ಊರೆಲ್ಲಾ ಹೆಸರು ಪಡೆದವಳು ನಾನು. ಆ ಹೊತ್ತಿಗೆ ಬಿದ್ದ ಕೀ ಹೆಕ್ಕುವ ನೆಪದಲ್ಲಿ ಬಗ್ಗಿದೆ. ಉಮ್ಮ ಬಾಗಿಲ ಹತ್ತಿರ ಬಂದು ನಿಂತಿದ್ದರು. ಬೇಡ ಎಂದು ತಲೆಯಾಡಿಸುತ್ತಾರೆಂದು ಕಾದೆ. ಅವರು ಸುಮ್ಮನೆ ನನ್ನನ್ನೇ ನೋಡುತ್ತಿದ್ದರು.

"ಹೋಗ್ಬೇಡಿ," ಎಂದೆ.

ಯಾರಿಗೂ ಕೇಳಿಸಿರಲಿಕ್ಕಿಲ್ಲ ಅನಿಸಿ ಇನ್ನೊಮ್ಮೆ ಹೇಳಿದೆ, ಗೇಟಿನಾಚೆಗೂ ಕೇಳುವಷ್ಟು ಜೋರಾಗಿ. "ಹೋಗ್ಬೇಡಿ! ನನಗೆ ದುಬೈ ಬೇಡ ಉಪ್ಪ. ನನಗೆ ಇವರು ಬೇಕು. ದಿನಾ ಬೇಕು."

ಉಪ್ಪ ನನ್ನ ಕಡೆಯಿಂದ ಮುಖ ತಿರುಗಿಸಿ ಉಮ್ಮನನ್ನು ನೋಡಿದರು.

"ಆಯಿಶಾ, ನೀನು ಒಂದು ಸಲವೂ ಹೀಗೆ ಹೇಳಿದ್ದಿಲ್ಲ."

"ಹೇಳಿದ್ರೆ ನಿಲ್ತಿದ್ರಾ?" ಎಂದರು ಉಮ್ಮ.

ಉಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರಸಿದರು, ಮತ್ತೆ ಒರಸಿದರು. ಕೊನೆಗೆ ಒಳಗೆ ಹೋಗುತ್ತಾ ಗೊಣಗಿದರು.

"ರಾತ್ರಿಗೆ ನೈಚೋರು, ಕೋಳಿ ಅಂತ ನೆಂಟರ ಊಟ ಎಂತದೂ ಬೇಡ. ಇವನು ಇನ್ನು ಮನೆಯವನಲ್ವಾ? ದಿನದ ಬೂತಾಯಿ ಮೀನಿನ ಸಾರು ಸಾಕು."

ಉಮ್ಮ ಕಣ್ಣೊರಸಿಕೊಂಡು ಅವರ ಹಿಂದೆಯೇ ಹೋದರು.

ಗೇಟಿನ ಬಳಿ ನಾವಿಬ್ಬರೇ ಉಳಿದೆವು. ನಾನು ಹೋಗಿ ಜಾಬಿರ್ ಪಕ್ಕದಲ್ಲಿ ಕೂತು, ಅವರು ತೀರಾ ಒತ್ತೊತ್ತಾಗಿ ನೆಟ್ಟಿದ್ದ ಒಂದು ಗಿಡ ಕಿತ್ತು ದೂರ ನೆಟ್ಟೆ. ಮಣ್ಣು ಮೆತ್ತಿದ ಅವರ ಕೈ ನನ್ನ ಕೈಯ ಮೇಲೆ ಬಂತು.

"ಇನ್ನೊಮ್ಮೆ ಹೇಳು," ಎಂದರು.

"ಎಂತ?"

"ಈಗ ಹೇಳಿದ್ಯಲ್ಲ, ಅದು."

ಹೇಳಿದೆ.